ದಂಪತಿಗಳೂ ಮನೆಯ ಲೆಕ್ಕವೂ



ಈ ಸಾಯಂಕಾಲ ನಾನು ತಮ್ಮಲ್ಲಿ ಅರಿಕೆ ಮಾಡಬೇಕೆಂದಿರುವ ವಿಷಯವು ನೋಡುವುದಕ್ಕೆ ಬಹು ಸಣ್ಣದು. ಆದರೆ ಅದನ್ನು ಸಣ್ಣದೆಂದು ಬದಿಗಿಟ್ಟ ಸಂಸಾರಗಳು ನೆಮ್ಮದಿಯನ್ನು ಕಳೆದುಕೊಂಡುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಂಡಹೆಂಡಿರು ಮನೆಯ ಹಣಕಾಸನ್ನು ಒಟ್ಟಿಗೆ ಕುಳಿತು ನೋಡಿಕೊಳ್ಳುವುದು ಹೇಗೆ, ಸಾಲದ ಹಂಗಿಲ್ಲದೆ ಬಾಳುವುದು ಹೇಗೆ ಎಂಬುದೇ ಆ ವಿಷಯ.

ನಮ್ಮ ಅನೇಕ ಮನೆಗಳಲ್ಲಿ ಒಂದು ಪದ್ಧತಿ ಉಂಟು. ಯಜಮಾನರ ಜೇಬಿನಲ್ಲಿ ಎಷ್ಟು ಹಣವಿದೆಯೆಂಬುದು ಮನೆಯಾಕೆಗೆ ತಿಳಿಯದು. ಅಡಿಗೆಮನೆಯ ಸಾಸಿವೆ ಡಬ್ಬಿಯ ತಳದಲ್ಲಿ ಎಷ್ಟು ಹಣವಿದೆಯೆಂಬುದು ಯಜಮಾನರಿಗೆ ತಿಳಿಯದು. ಇಷ್ಟರಮಟ್ಟಿಗೆ ಇದು ನಗುವ ವಿಷಯವೇ ಸರಿ. ಆದರೆ ಗಂಡನ ಸಾಲ ಎಷ್ಟೆಂದು ಹೆಂಡತಿಗೂ, ಹೆಂಡತಿಯ ಸಾಲ ಎಷ್ಟೆಂದು ಗಂಡನಿಗೂ ಗೊತ್ತಿಲ್ಲದಿರುವ ಮನೆಗಳೂ ಇವೆ. ಅಲ್ಲಿ ನಗುವುದಕ್ಕೆ ಏನೂ ಉಳಿಯುವುದಿಲ್ಲ. ಒಂದೇ ಮಾಡಿನ ಕೆಳಗೆ ಎರಡು ಸಾಲಗಳು ಒಂದರ ಸುಳಿವು ಇನ್ನೊಂದಕ್ಕೆ ಇಲ್ಲದಂತೆ ಬೆಳೆಯುತ್ತಿರುತ್ತವೆ.

ನಾನು ಹೇಳತಕ್ಕ ಮಾತುಗಳು ಎಲ್ಲ ಊರಿನವರಿಗೂ ಸಲ್ಲಬಹುದು. ಆದರೆ ನಾನು ಬಲ್ಲ ಸೀಮೆ ಅರಸೀಕೆರೆ, ಹಳೇಬೀಡು, ಬೇಲೂರುಗಳ ಸೀಮೆ. ಅಲ್ಲಿ ಸಹಕಾರ ಸಂಘವೊಂದರ ಲೆಕ್ಕಪತ್ರಗಳನ್ನು ನೋಡುವ ಕೆಲಸದಲ್ಲಿ ಕೆಲವು ವರ್ಷ ಇದ್ದವನು ನಾನು. ಆದಕಾರಣ ಉದಾಹರಣೆಗಳೆಲ್ಲ ಆ ಕಡೆಯವೇ.

ಆ ಸೀಮೆಯ ಹೆಸರುಗಳನ್ನೇ ಸ್ವಲ್ಪ ನೋಡಿ. ಅರಸೀಕೆರೆ ಎಂದರೆ ಅರಸಿಯ ಕೆರೆ. ಹೊಯ್ಸಳರ ಮನೆತನದ ರಾಣಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಆ ಹೆಸರು ಬಂದಿತೆಂದು ಹೇಳುತ್ತಾರೆ. ಹಳೇಬೀಡು ರಾಜಧಾನಿಯಾಗಿದ್ದ ಕಾಲದಲ್ಲಿ ಅದಕ್ಕೆ ದೋರಸಮುದ್ರವೆಂದು ಹೆಸರು. ಅದೂ ಕೆರೆಯಿಂದ ಬಂದ ಹೆಸರೇ. ವರ್ಷದಲ್ಲಿ ಕೆಲವೇ ದಿನ ಸುರಿಯುವ ಮಳೆಯನ್ನು ಏರಿ ಕಟ್ಟಿ ನಿಲ್ಲಿಸಿಕೊಂಡು, ಮಳೆಯಿಲ್ಲದ ದಿನಗಳಲ್ಲಿ ಅಳೆದು ಬಿಟ್ಟುಕೊಳ್ಳಬೇಕೆಂಬ ಬುದ್ಧಿ ಆ ಹಿರಿಯರಿಗಿತ್ತು. ಕೆರೆಗೆ ತೂಬು ಒಂದು, ಕೋಡಿ ಒಂದು. ತೂಬನ್ನು ಯಾವಾಗ ಎತ್ತಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ನೋಡುವುದಕ್ಕೆ ನೀರುಗಂಟಿ ಎಂಬ ಒಬ್ಬ ಮನುಷ್ಯನನ್ನೇ ನೇಮಿಸಿಕೊಳ್ಳುತ್ತಿದ್ದರು. ಸಂಸಾರದ ಹಣವೂ ಇಂಥ ನೀರೇ ಎಂದು ತಿಳಿದರೆ, ನನ್ನ ಮಿಕ್ಕ ಮಾತುಗಳು ತಮಗೆ ಸುಲಭವಾಗಿ ತಿಳಿಯುವುವು.

ಏಕೆಂದರೆ ಆ ಸೀಮೆಯಲ್ಲಿ ಹಣ ಬರುವ ರೀತಿಯೂ ಮಳೆಯ ರೀತಿಯೇ. ಮೊದಲು ಅರಸೀಕೆರೆಯ ಕಡೆಯನ್ನು ತೆಗೆದುಕೊಳ್ಳೋಣ. ಅಲ್ಲಿ ತೆಂಗೇ ಸಂಸಾರದ ಆಧಾರ. ಉಂಡೆ ಕೊಬ್ಬರಿಯಾಗಬೇಕಾದರೆ ಬಲಿತ ಕಾಯಿಯನ್ನು ಅಟ್ಟದ ಮೇಲೆ ಏರಿಸಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ತಾನಾಗಿಯೇ ಆರಿ, ತಿರುಳು ಚಿಪ್ಪನ್ನು ಬಿಟ್ಟು, ಕಾಯನ್ನು ಅಲುಗಿಸಿದರೆ ಒಳಗೆ ಉರುಳುವ ಸದ್ದು ಕೇಳಬೇಕು. ಅಲ್ಲಿಯವರೆಗೆ ಅದು ಕೊಬ್ಬರಿಯಲ್ಲ. ಕಾಯುವ ಶಕ್ತಿಯುಳ್ಳವನಿಗೆ ಆ ಅಟ್ಟವೇ ಬ್ಯಾಂಕು. ಸಾಲಗಾರನಿಗೆ ಈ ಕಾಯುವ ಶಕ್ತಿಯೇ ಇರುವುದಿಲ್ಲ. ಅವನು ಹಸಿಗಾಯಿಯನ್ನೇ ಮಾರುತ್ತಾನೆ. ಇಲ್ಲವೇ ಮುಂಗಡ ಕೊಟ್ಟ ಮಂಡಿಯವರು ಹೇಳಿದ ದಿನ, ಹೇಳಿದ ಬೆಲೆಗೆ ಕೊಬ್ಬರಿಯನ್ನು ಇಳಿಸುತ್ತಾನೆ. ಬಡ್ಡಿ ಎಂಬುದು ಕಾಗದದ ಮೇಲೆ ಕಾಣುವ ನಷ್ಟ. ಕಾಯಲಾರದೆ ಮಾರಿದುದು ಯಾವ ಕಾಗದದ ಮೇಲೂ ಕಾಣದ ನಷ್ಟ. ಸಾಲಗಾರನು ಎರಡನ್ನೂ ತೆರುತ್ತಾನೆ.

ಬೆಲೆಯಾದರೂ ಸ್ಥಿರವೇ? 2023ರ ಸಾಲಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಆ ವರ್ಷ ಪೇಟೆಯ ಬೆಲೆ ಅದಕ್ಕಿಂತ ಕೆಳಗೆ ಬಿದ್ದು ರೈತರು ಬೀದಿಗಿಳಿದರು. 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿ. ಪೇಟೆಯ ಬೆಲೆಯಾದರೋ 20,000 ರೂಪಾಯಿಯನ್ನು ದಾಟಿ ಹೋಯಿತು. ಎರಡು ವರ್ಷದ ಅಂತರದಲ್ಲಿ ಇಷ್ಟು ಏರಿಳಿತ. ಒಳ್ಳೆಯ ವರ್ಷದ ಬೆಲೆಯನ್ನು ನೆಚ್ಚಿ ಐದು ವರ್ಷದ ಕಂತಿಗೆ ಸಹಿ ಹಾಕಿದವನ ಪಾಡೇನು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಬೇಲೂರಿನ ಕಡೆಗೆ ಹೋದರೆ ಕಾಫಿಯ ತೋಟಗಳು, ಶುಂಠಿಯ ಹೊಲಗಳು. ಕಾಫಿಗೆ ಬೇಸಗೆಯ ಮೊದಲಲ್ಲಿ ಹೂಮಳೆ ಬೀಳಬೇಕು. ಚಳಿಗಾಲದಲ್ಲಿ ಹಣ್ಣು ಕೊಯ್ಯಬೇಕು. ಹಣ ಬರುವುದು ಅದಾದ ಮೇಲೆ. ಶುಂಠಿಯಂತೂ ಜೂಜೆಂದೇ ಪ್ರಸಿದ್ಧ. ಬೀಜಕ್ಕೆ, ಗೊಬ್ಬರಕ್ಕೆ, ಕೂಲಿಗೆ ಮೊದಲೇ ಹಣ ಸುರಿಯಬೇಕು. ಕೊಳೆರೋಗ ಬಂದರೆ ಹಾಕಿದ ಹಣ ಮಣ್ಣಿನಲ್ಲಿಯೇ ಉಳಿಯಿತು. ತೋಟದ ಕೂಲಿಯವರಿಗೆ ವಾರದ ಬಟವಾಡೆ. ಬಟವಾಡೆಯ ಮಾರನೆಯ ದಿನ ಸಂತೆ. ಸಂತೆಯ ಮಾರನೆಯ ದಿನ ಕೈ ಖಾಲಿ. ಹಳೇಬೀಡಿನಲ್ಲಿ ಯಾತ್ರಿಕರನ್ನು ನಂಬಿದ ಸಂಸಾರಗಳು ಹಲವಿವೆ: ಅಂಗಡಿಯವರು, ಆಟೋದವರು, ದೇವಾಲಯದ ಶಿಲ್ಪವನ್ನು ವಿವರಿಸುವ ಮಾರ್ಗದರ್ಶಿಗಳು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು, ಎಲ್ಲರಿಗೂ ಸಂತೋಷ. ಆದರೆ ಅದಕ್ಕೆ ಮೂರು ವರ್ಷ ಹಿಂದೆ, 2020ರ ಮಾರ್ಚಿಯಲ್ಲಿ, ಸಾಂಕ್ರಾಮಿಕದ ಕಾರಣದಿಂದ ಅದೇ ದೇವಾಲಯಗಳ ಬಾಗಿಲು ತಿಂಗಳುಗಟ್ಟಲೆ ಮುಚ್ಚಿಹೋಗಿತ್ತು. ಆ ತಿಂಗಳುಗಳಲ್ಲಿಯೂ ಮಕ್ಕಳಿಗೆ ಹಸಿವಾಯಿತು.

ಹೀಗೆ ಮೂರು ಕಡೆಯೂ ಹಣ ಬರುವುದು ಒಮ್ಮೊಮ್ಮೆ, ಖರ್ಚು ದಿನದಿನವೂ. ಈ ನಡುವಣ ತೆರಪನ್ನು ತುಂಬುವುದಕ್ಕೆ ಎರಡೇ ಉಪಾಯ. ಹಣ ಬಂದಾಗ ಕೆರೆಯಂತೆ ನಿಲ್ಲಿಸಿಕೊಳ್ಳುವುದು ಒಂದು. ಬರುವ ಮೊದಲೇ ಸಾಲ ತರುವುದು ಇನ್ನೊಂದು. ಸಾಲವೆಲ್ಲ ಪಾಪವೆಂದು ನಾನು ಹೇಳುವುದಿಲ್ಲ. ಬಾವಿ ತೋಡಿಸುವುದಕ್ಕೆ, ಹಸು ಕೊಳ್ಳುವುದಕ್ಕೆ, ಮಕ್ಕಳ ವಿದ್ಯೆಗೆ ತಂದ ಸಾಲವು ತನ್ನ ಬಡ್ಡಿಯನ್ನು ತಾನೇ ಸಂಪಾದಿಸಿಕೊಳ್ಳಬಲ್ಲುದು. ಸಹಕಾರ ಸಂಘದ ಬೆಳೆ ಸಾಲವನ್ನು ವಾಯಿದೆಯೊಳಗೆ ತೀರಿಸಿದವರಿಗೆ ಸರ್ಕಾರವೇ ಬಡ್ಡಿಯನ್ನು ಭರಿಸುವ ಏರ್ಪಾಡೂ ಉಂಟು. ಉಂಡು ಮರೆತ ಊಟಕ್ಕೆ, ಉಟ್ಟು ಹರಿದ ಬಟ್ಟೆಗೆ, ನೆಂಟರ ಮೆಚ್ಚುಗೆಗೆ ತಂದ ಸಾಲ ಬೇರೆ ಜಾತಿಯದು. ಅದರ ಬಡ್ಡಿಯನ್ನು ಸಂಪಾದಿಸುವುದಕ್ಕೆ ಮನೆಯಲ್ಲಿ ಯಾವ ಹಸುವೂ ಇರುವುದಿಲ್ಲ.

ಬಡ್ಡಿಯ ಗಣಿತವನ್ನು ಸ್ವಲ್ಪ ನೋಡೋಣ. ನಮ್ಮ ಕಡೆ ಕೈಸಾಲದ ಬಡ್ಡಿಯನ್ನು ವರ್ಷದ ಮೇಲೆ ಹೇಳುವ ವಾಡಿಕೆಯಿಲ್ಲ. “ನೂರಕ್ಕೆ ಮೂರು” ಎನ್ನುತ್ತಾರೆ. ಮೂರು ಎಂಬ ಮಾತು ಕಿವಿಗೆ ಬಹು ಸೌಮ್ಯವಾಗಿ ಕೇಳುತ್ತದೆ. ಆದರೆ ಅದು ತಿಂಗಳ ಬಡ್ಡಿ. ವರ್ಷಕ್ಕೆ ನೂರಕ್ಕೆ 36 ಆಯಿತು. 10,000 ರೂಪಾಯಿ ತಂದವನು ತಿಂಗಳಿಗೆ 300, ವರ್ಷಕ್ಕೆ 3,600 ರೂಪಾಯಿ ಕೊಡುತ್ತಾನೆ. ಅಸಲಿನಲ್ಲಿ ಒಂದು ಕಾಸೂ ಇಳಿಯುವುದಿಲ್ಲ. ಬಡ್ಡಿಯನ್ನು ಕೊಡಲಾರದೆ ಅದನ್ನು ತಿಂಗಳು ತಿಂಗಳೂ ಅಸಲಿಗೆ ಸೇರಿಸುತ್ತ ಹೋದರೆ, ಎರಡೇ ವರ್ಷಕ್ಕೆ ಸಾಲವು 20,000 ರೂಪಾಯಿಯನ್ನು ದಾಟುತ್ತದೆ. ಅದೇ ಹಣವನ್ನು ವರ್ಷಕ್ಕೆ ನೂರಕ್ಕೆ ಏಳರಂತೆ ಠೇವಣಿ ಇಟ್ಟರೆ ಇಮ್ಮಡಿಯಾಗುವುದಕ್ಕೆ ಹತ್ತು ವರ್ಷಕ್ಕೂ ಮಿಕ್ಕಿ ಬೇಕು. ಆದುದರಿಂದ ಒಂದು ಕೈಯಲ್ಲಿ ನೂರಕ್ಕೆ ಮೂರರ ಸಾಲವನ್ನು ಹೊತ್ತು, ಇನ್ನೊಂದು ಕೈಯಲ್ಲಿ ಚೀಟಿಯನ್ನೋ ಠೇವಣಿಯನ್ನೋ ಕಟ್ಟುತ್ತ “ನಾವೂ ಉಳಿತಾಯ ಮಾಡುತ್ತಿದ್ದೇವೆ” ಎನ್ನುವುದು ತೂತು ಬಿದ್ದ ಕೊಡದಲ್ಲಿ ನೀರು ಹೊತ್ತಂತೆ.

ಇದು ನಮ್ಮ ಹಿರಿಯರಿಗೆ ತಿಳಿಯದ ವಿಷಯವಲ್ಲ. ಹೊಯ್ಸಳರ ಕಾಲದ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವೀಸಗಳ ಲೆಕ್ಕ ತುಂಬಿದೆ. ದೇವರ ದೀಪಕ್ಕೋ ಹೂವಿಗೋ ಒಬ್ಬರು ಇಷ್ಟು ಗದ್ಯಾಣವನ್ನು ಕೊಟ್ಟರೆ, ಮೂಲಧನವನ್ನು ಮುಟ್ಟದೆ ಅದರ ಬಡ್ಡಿಯಿಂದಲೇ ಆ ಸೇವೆ ನಡೆಯಬೇಕೆಂದು ಕಟ್ಟು ಮಾಡಿ, ಕಲ್ಲಿನ ಮೇಲೆ ಎಲ್ಲರೂ ಓದುವಂತೆ ಕೊರೆಸಿದರು. ಬಡ್ಡಿಯನ್ನು ಆಳಾಗಿ ದುಡಿಸಿಕೊಳ್ಳುವ ವಿದ್ಯೆ ಅದು. ಲೆಕ್ಕವು ಗುಟ್ಟಾಗಿರಬಾರದೆಂಬ ಬುದ್ಧಿಯೂ ಅದರಲ್ಲಿದೆ.

ಗುಟ್ಟಿನ ಮಾತು ಬಂದುದರಿಂದ ನಾನು ಬಲ್ಲ ಒಂದು ಸಂಸಾರದ ಕಥೆಯನ್ನು ಹೇಳುತ್ತೇನೆ. ಹೆಸರು ಬೇಡ; ಅರಸೀಕೆರೆಗೆ ನಾಲ್ಕಾರು ಮೈಲಿ ದೂರದ ಹಳ್ಳಿ ಎಂದರೆ ಸಾಕು. ಗಂಡ ಮರ್ಯಾದಸ್ಥ, ಹೆಂಡತಿ ಜಾಣೆ, ಸುಮಾರಾದ ತೆಂಗಿನ ತೋಟ, ಓದುವ ಮಗಳು. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಸಾಲ ವಸೂಲಿಯವನೊಬ್ಬ ಅವರ ಬಾಗಿಲಿಗೆ ಬಂದ. ಸಾಲ ತಂದವನು ಆಕೆಯ ತಮ್ಮ. ಜಾಮೀನು ಹಾಕಿದವನು ಈ ಗಂಡ. ಭಾವಮೈದನು ಕಂತು ನಿಲ್ಲಿಸಿದ್ದ. ತನ್ನ ತಮ್ಮನಿಗೆ ತನ್ನ ಗಂಡ ಜಾಮೀನು ನಿಂತಿರುವುದು ಆಕೆಗೆ ತಿಳಿದದ್ದೇ ಆಗ. ವಸೂಲಿಯವನು ಹೋದ ಮೇಲೆ ಮನೆಯಲ್ಲಿ ದೊಡ್ಡ ಜಗಳವಾಗುವುದೆಂದು ಆತ ಕಾದಿದ್ದನಂತೆ. ಆಕೆ ಜಗಳವಾಡಲಿಲ್ಲ, ಅತ್ತಳು. ಅತ್ತು ಮುಗಿದ ಮೇಲೆ, “ನಾನೂ ಒಂದು ಮಾತು ಹೇಳ್ಬೇಕು ಕಣ್ರೀ. ಸಂಘದಲ್ಲಿ ಮಗಳ ಫೀಸಿಗೆ ಅಂತ ಸಾಲ ತಗೊಂಡಿದ್ದೀನಿ. ನೀವು ಬೈತೀರಿ ಅಂತ ಹೇಳ್ಲಿಲ್ಲ” ಎಂದಳು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನು ಹೆದರ್ಕೋತೀಯ ಅಂತ ನಾನೂ ಹೇಳ್ಲಿಲ್ಲ ಕಣೆ. ಮಂಡಿಯಲ್ಲೂ ಇದೆ” ಎಂದನಂತೆ.

ಆ ರಾತ್ರಿ ಮಗಳ ಹಳೆಯ ನೋಟುಪುಸ್ತಕವೊಂದರ ಖಾಲಿ ಹಾಳೆಯಲ್ಲಿ ಇಬ್ಬರೂ ಕೂಡಿ ಬರೆದ ಪಟ್ಟಿಯನ್ನು ನಾನು ನೋಡಿದ್ದೇನೆ. ಮಂಡಿಯಲ್ಲಿ 60,000 ರೂಪಾಯಿ, ನೂರಕ್ಕೆ ಎರಡು. ಕೈಸಾಲ 40,000, ನೂರಕ್ಕೆ ಮೂರು. ಆಕೆಯ ಸಂಘದಲ್ಲಿ ಉಳಿದುದು 30,000, ವಾರಕ್ಕೆ 700ರ ಕಂತು. ಜಾಮೀನಿನ ಬಾಬತ್ತು 50,000. ಸಹಕಾರ ಸಂಘದ ಬೆಳೆ ಸಾಲ 1,00,000. ಒಟ್ಟು 2,80,000 ರೂಪಾಯಿ. ಅವರಿಬ್ಬರಲ್ಲಿ ಯಾರ ಮನಸ್ಸಿನಲ್ಲಿಯೂ ಆ ಮೊತ್ತ ಅದಕ್ಕೆ ಮೊದಲು ಇರಲಿಲ್ಲ. ಆಕೆ ಮನೆಗೆ ಒಂದು ಲಕ್ಷದ ಸಾಲವಿದೆಯೆಂದು ತಿಳಿದಿದ್ದಳು. ಆತ ಪೂರ್ತಿಯಾಗಿ ಕೂಡಿಸಿ ನೋಡುವುದಕ್ಕೇ ಹೆದರಿದ್ದ. “ಬರೆದು ಮುಗಿಸಿದ ಮೇಲೆ ಎಷ್ಟೋ ದಿನಕ್ಕೆ ಆ ರಾತ್ರಿ ನಿದ್ದೆ ಬಂತು ಸ್ವಾಮಿ” ಎಂದು ಆತ ನನಗೆ ಹೇಳಿದ. ಸಾಲದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿರಲಿಲ್ಲ. ಆದರೆ ಹೊರುವವರು ಇಬ್ಬರಾಗಿದ್ದರು.

ಮುಂದೆ ಅವರು ಮಾಡಿದುದೂ ತಿಳಿದುಕೊಳ್ಳತಕ್ಕದ್ದೇ. ಸಾಲಗಳನ್ನು ದೊಡ್ಡದು ಸಣ್ಣದು ಎಂದು ನೋಡದೆ, ಬಡ್ಡಿಯ ಕ್ರಮದಲ್ಲಿ ಬರೆದರು. ಹೆಚ್ಚು ಬಡ್ಡಿಯದು ಮೊದಲು ಹೋಗಬೇಕು. ಆಕೆ ತನ್ನ ಒಡವೆಯನ್ನು ತಾನಾಗಿಯೇ ಮುಂದಿಟ್ಟು, “ಮಾರೋದು ಬೇಡ, ಬ್ಯಾಂಕಿನಲ್ಲಿ ಇಡೋಣ, ಬಿಡಿಸೋ ದಿವಸವನ್ನ ಇವತ್ತೇ ಬರೆಯೋಣ” ಎಂದಳು. ಬ್ಯಾಂಕಿನಲ್ಲಿ ವರ್ಷಕ್ಕೆ ನೂರಕ್ಕೆ ಒಂಬತ್ತೂವರೆಯಂತೆ 1,00,000 ರೂಪಾಯಿ ದೊರೆಯಿತು. ಮಂಡಿಯ ಸಾಲವೂ ಕೈಸಾಲವೂ ಅದರಿಂದ ತೀರಿದುವು. ಆ ಎರಡಕ್ಕೆ ವರ್ಷಕ್ಕೆ 28,800 ರೂಪಾಯಿ ಬಡ್ಡಿ ಹೋಗುತ್ತಿತ್ತು; ಈಗ 9,500. ಅದಕ್ಕಿಂತಲೂ ಹೆಚ್ಚಾಗಿ, ಅಟ್ಟದ ಮೇಲಣ ಕೊಬ್ಬರಿಗೆ ಬಿಡುಗಡೆಯಾಯಿತು. ಮಂಡಿಯ ಹಂಗಿಲ್ಲದುದರಿಂದ ಅವರು ಕಾದು, ಕೃಷಿ ಮಾರುಕಟ್ಟೆಯ ಹರಾಜಿನಲ್ಲಿ ತಮಗೆ ಒಪ್ಪಿದ ದಿನ ಮಾರಿದರು. ಭಾವಮೈದನನ್ನು ಕರೆಸಿ, ಅಕ್ಕನೇ ಎದುರು ಕುಳಿತು ಮಾತನಾಡಿದಳು; ಅವನು 20,000 ಕೊಟ್ಟ. ಮಿಕ್ಕ 30,000 ರೂಪಾಯಿಯನ್ನು, ಮನೆಯ ಮೇಲೆ ಮಹಡಿ ಕಟ್ಟಿಸಬೇಕೆಂದು ಚೀಟಿಯಲ್ಲಿ ಕೂಡಿಸಿದ್ದ ಹಣದಿಂದ ಕಟ್ಟಿದರು.

ಆ ಮಹಡಿಯೇ ಆತನಿಗೆ ಬಹಳ ಕಷ್ಟವಾದದ್ದು. ಕಂಬಿಗಳು ಆಗಲೇ ತಾರಸಿಯ ಮೇಲೆ ಎದ್ದು ನಿಂತಿದ್ದುವು. ಊರಿನವರು ದಿನವೂ ಕೇಳುವರು: “ಯಾವಾಗ ಮುಗಿಸ್ತೀರಿ?” ಆ ಮಳೆಗಾಲ ದಂಪತಿಗಳು ಬೇಲೂರಿಗೆ ಚೆನ್ನಕೇಶವನ ದರ್ಶನಕ್ಕೆ ಹೋಗಿದ್ದರಂತೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಆ ದೇವಾಲಯದ ಗರ್ಭಗೃಹದ ಮೇಲೆ ಈಗ ಶಿಖರವಿಲ್ಲ. ಕೆಳಗಣ ಗರ್ಭಗೃಹಕ್ಕೆ ಅಪಾಯವಾದೀತೆಂದು ಅದನ್ನು 1879ರಲ್ಲಿ ಇಳಿಸಿದರೆಂದು ಅಲ್ಲಿಯ ಮಾರ್ಗದರ್ಶಿ ವಿವರಿಸಿದ. ಆಕೆ ಗಂಡನ ಕಡೆ ನೋಡಿ, “ಕೇಳಿದ್ರಾ? ದೇವರೇ ಮೇಲಿಂದು ಇಳಿಸ್ಕೊಂಡು ಕೂತಿದ್ದಾನೆ. ನಮ್ಮ ಮಹಡಿಗೇನು ಅವಸರ?” ಎಂದಳಂತೆ. ಮೂರನೆಯ ವರ್ಷದ ಕೊನೆಗೆ ಒಡವೆ ಮನೆಗೆ ಬಂತು. ಸಹಕಾರ ಸಂಘದ ಸಾಲವೂ ತೀರಿತು. ಕಂಬಿಗಳು ಇನ್ನೂ ಹಾಗೆಯೇ ಇವೆ. ಮಗಳ ಓದು ಮುಗಿಯಿತು.

ಈ ಕಥೆಯಿಂದ ನಾನು ತೆಗೆಯತಕ್ಕ ಮುಖ್ಯವಾದ ನೀತಿ ಒಂದೇ: ಮನೆಯ ಕೆರೆಗೆ ನೀರುಗಂಟಿಗಳು ಇಬ್ಬರಿರಬೇಕು, ಆದರೆ ತೂಬು ಒಂದೇ ಇರಬೇಕು. ಇಬ್ಬರೂ ತಮತಮಗೆ ತೋಚಿದಂತೆ ಏರಿಯನ್ನು ಕೊರೆದರೆ ಯಾವ ಕೆರೆಯೂ ನಿಲ್ಲದು. ಇದನ್ನು ಆಚರಣೆಗೆ ತರುವ ಬಗೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಮೊದಲನೆಯದು ಪುಸ್ತಕ. ಮನೆಗೆ ಒಂದೇ ಲೆಕ್ಕದ ಪುಸ್ತಕವಿರಲಿ. ಅದು ಬೀಗದೊಳಗಿರದೆ ಇಬ್ಬರ ಕೈಗೂ ಎಟಕುವಂತಿರಲಿ. ಬಂದುದು ಎಡಕ್ಕೆ, ಹೋದುದು ಬಲಕ್ಕೆ. ಕೊನೆಯ ಪುಟಗಳಲ್ಲಿ ಸಾಲಗಳ ಪಟ್ಟಿ, ಬಡ್ಡಿ, ವಾಯಿದೆ. ವಾರಕ್ಕೊಮ್ಮೆ ಅರ್ಧ ಗಂಟೆ ಇಬ್ಬರೂ ಕುಳಿತು ನೋಡಬೇಕು. ಆ ಅರ್ಧ ಗಂಟೆಯಲ್ಲಿ ಹಳೆಯ ತಪ್ಪಿಗೆ ಬೈಯಬಾರದೆಂದು ಮೊದಲೇ ಒಪ್ಪಂದ ಮಾಡಿಕೊಳ್ಳುವುದು ಒಳ್ಳೆಯದು. ಬೈಗುಳದ ಭಯವಿದ್ದಲ್ಲಿ ಗುಟ್ಟು ಹುಟ್ಟುತ್ತದೆ. ಗುಟ್ಟಿನ ಸಾಲಕ್ಕೆ ಬಡ್ಡಿ ಹೆಚ್ಚು. ಹಾಗೆಂದು ಇಬ್ಬರ ಕೈಖರ್ಚಿಗೂ ಲೆಕ್ಕ ಕೇಳಬೇಕೆಂದಲ್ಲ. ಇಬ್ಬರಿಗೂ ಸಮನಾದ ಒಂದು ಸಣ್ಣ ಮೊತ್ತ ಲೆಕ್ಕವಿಲ್ಲದೆ ಸಲ್ಲಲಿ. ಸಾಸಿವೆ ಡಬ್ಬಿಯ ಗೌರವವನ್ನು ನಾನು ಕಳೆಯುವವನಲ್ಲ.

ಎರಡನೆಯದು ಸಹಿ. ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಸಾಲದ ಕಾಗದಕ್ಕಾಗಲಿ ಜಾಮೀನಿಗಾಗಲಿ ಸಹಿ ಹಾಕಬಾರದು. ಜಾಮೀನೆಂದರೆ ಬರಿಯ ಸಾಕ್ಷಿ ಎಂದು ಅನೇಕರು ತಿಳಿದಿದ್ದಾರೆ. 1872ರ ಕರಾರು ಕಾನೂನಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಈಗಂತೂ ಮೊಬೈಲಿನಲ್ಲಿ ಬೆರಳು ಒತ್ತಿದ ಮಾತ್ರಕ್ಕೆ ಸಾಲ ದೊರೆಯುತ್ತದೆ, ಸಹಿಯೂ ಬೇಡ. ಬೆರಳು ಒತ್ತುವ ಮುನ್ನ ಪಕ್ಕದಲ್ಲಿರುವವರನ್ನು ಒಂದು ಮಾತು ಕೇಳುವುದಕ್ಕೆ ಎಷ್ಟು ಹೊತ್ತು ಬೇಕು?

ಮೂರನೆಯದು ಅಳತೆ. ಸಣ್ಣ ವರಮಾನದ ಸಂಸಾರಗಳಿಗೆ ಕೊಡತಕ್ಕ ಕಿರುಸಾಲಗಳ ವಿಷಯದಲ್ಲಿ, ಎಲ್ಲ ಸಾಲಗಳ ಕಂತುಗಳೂ ಸೇರಿ ಮನೆಯ ತಿಂಗಳ ವರಮಾನದ ಅರ್ಧವನ್ನು ಮೀರಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಕಟ್ಟಳೆ ಮಾಡಿತು. ಅದು ಸಾಲ ಕೊಡುವವರಿಗೆ ಹಾಕಿದ ಮೇರೆ. ತರುವವರು ಅದಕ್ಕಿಂತ ಬಹಳ ಒಳಗೆ ಇರಬೇಕು. ಅರ್ಧ ವರಮಾನ ಕಂತಿಗೆ ಹೋದರೆ ಒಂದು ಜ್ವರ ಬಂದರೂ ಮತ್ತೊಂದು ಸಾಲ ಖಂಡಿತ. ಬರುವ ವರಮಾನವನ್ನು ಅಂದಾಜು ಮಾಡುವಾಗ ಕೆಟ್ಟ ವರ್ಷದ ಬೆಲೆಯನ್ನೇ ಹಿಡಿಯಬೇಕು. ಒಳ್ಳೆಯ ವರ್ಷ ಬಂದರೆ ಕೋಡಿ ಹರಿಯಲಿ. ಆಗ ಹಬ್ಬ ಮಾಡಬಹುದು.

ನಾಲ್ಕನೆಯದು ಸಮಾರಂಭ. ಸಾಲದ ಬೇರು ಎಷ್ಟೋ ಮನೆಗಳಲ್ಲಿ ಮದುವೆಯ ಚಪ್ಪರದ ಕೆಳಗೇ ಇರುತ್ತದೆ. ದಂಪತಿಗಳು ಒಟ್ಟಿಗೆ ಬಾಳುವುದಕ್ಕೆ ಮೊದಲೇ ಅವರ ಹೆಸರಿನಲ್ಲಿ ತಂದೆತಾಯಿಗಳು ಸಾಲಗಾರರಾಗುತ್ತಾರೆ. ಕುವೆಂಪು ಅವರು ಸರಳ ವಿವಾಹಕ್ಕಾಗಿ ಮಂತ್ರ ಮಾಂಗಲ್ಯವೆಂಬ ವಿಧಿಯನ್ನು ರೂಪಿಸಿ, 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಆ ರೀತಿಯಲ್ಲಿಯೇ ನಡೆಸಿದರು. ಅಂದಿನಿಂದ ಅನೇಕರು ಆ ದಾರಿಯನ್ನು ಹಿಡಿದಿದ್ದಾರೆ. ಎಲ್ಲರೂ ಅದನ್ನೇ ಅನುಸರಿಸಬೇಕೆಂದು ನಾನು ಹೇಳಲಾರೆ. ಆದರೆ ಊಟದ ಎಲೆಗಳನ್ನು ಎಣಿಸುವಾಗ, ತೀರಿಸಬೇಕಾದ ತಿಂಗಳುಗಳನ್ನೂ ಎಣಿಸುವುದು ಯಾವ ಸಂಪ್ರದಾಯಕ್ಕೂ ವಿರೋಧವಲ್ಲ.

ಐದನೆಯದು ರಕ್ಷಣೆ. ಒಡವೆಯು ಹೆಂಡತಿಯ ಸ್ತ್ರೀಧನ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ಮಾಡಿ ಸ್ತ್ರೀಧನಕ್ಕೆ ವಿಶಾಲವಾದ ಅರ್ಥವನ್ನು ಕೊಟ್ಟಿತು. ಅದನ್ನು ಒತ್ತೆ ಇಡುವುದೂ ಬಿಡುವುದೂ ಆಕೆಯ ಇಷ್ಟ, ಕೇಳಬಹುದು, ಕಸಿಯಬಾರದು. ಗಂಡನು ತನ್ನ ಜೀವವಿಮೆಯನ್ನು 1874ರ ವಿವಾಹಿತ ಸ್ತ್ರೀಯರ ಸ್ವತ್ತಿನ ಕಾನೂನಿನ 6ನೆಯ ಕಲಮಿನಂತೆ ಹೆಂಡತಿ ಮಕ್ಕಳ ಹಿತಕ್ಕಾಗಿ ಮಾಡಿಸಿದರೆ, ಆ ಹಣವನ್ನು ಅವನ ಸಾಲಗಾರರು ಮುಟ್ಟುವಂತಿಲ್ಲ. ಇದನ್ನು ವಿಮೆ ಮಾಡಿಸುವಾಗಲೇ ಬರೆದು ತಿಳಿಸಬೇಕು. ವರ್ಷಕ್ಕೆ 436 ರೂಪಾಯಿಗೆ 2 ಲಕ್ಷದ ಜೀವವಿಮೆಯೂ, 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆಯೂ ಬ್ಯಾಂಕು, ಅಂಚೆಕಚೇರಿಗಳಲ್ಲಿ ದೊರೆಯುತ್ತವೆ. ಉಳಿತಾಯದ ಖಾತೆ ಇಬ್ಬರ ಹೆಸರಿನಲ್ಲಿಯೂ ಇರಲಿ. ಒಬ್ಬರಿಲ್ಲವಾದರೆ ಇನ್ನೊಬ್ಬರು ದುಃಖದ ನಡುವೆ ಕಚೇರಿಗಳನ್ನು ಅಲೆಯುವಂತಾಗಬಾರದು.

ಕಾನೂನು ನಮ್ಮ ನಾಡಿನಲ್ಲಿ ಸಾಲಗಾರನ ಕೈಬಿಟ್ಟಿಲ್ಲ. ಸಂಸ್ಥಾನದಲ್ಲಿ 1905ರಲ್ಲಿ ಸಹಕಾರ ಸಂಘಗಳ ಕಾನೂನು, 1928ರಲ್ಲಿ ರೈತರ ಋಣಪರಿಹಾರದ ಕಾನೂನು, 1939ರಲ್ಲಿ ಲೇವಾದೇವಿಗಾರರ ಕಾನೂನು ಬಂದುವು. ಕರ್ನಾಟಕದಲ್ಲಿ 1976ರಲ್ಲಿ ಋಣಪರಿಹಾರ ಕಾನೂನಾಯಿತು. 2025ರಲ್ಲಿ, ಕಿರುಸಾಲದ ವಸೂಲಿಯಲ್ಲಿ ಬಲಾತ್ಕಾರ ಮಾಡುವವರಿಗೆ ಹತ್ತು ವರ್ಷದವರೆಗೆ ಸಜೆಯನ್ನು ವಿಧಿಸಬಹುದಾದ ಕಾನೂನು ಬಂದಿತು. ಬಾಗಿಲಿಗೆ ಬಂದು ಅವಮಾನ ಮಾಡುವವನಿಗೆ ಹೆದರಿ ಪ್ರಾಣ ಕಳೆದುಕೊಳ್ಳಬೇಕಾಗಿಲ್ಲವೆಂಬುದನ್ನು ಪ್ರತಿಯೊಬ್ಬ ಗಂಡನೂ ಹೆಂಡತಿಗೆ, ಹೆಂಡತಿಯೂ ಗಂಡನಿಗೆ ಹೇಳಬೇಕು. ಹೀಗೆ ನೂರಿಪ್ಪತ್ತು ವರ್ಷಗಳಿಂದ ಕಾನೂನುಗಳು ಬರುತ್ತಲೇ ಇವೆ. ಸಾಲವೂ ಇದ್ದೇ ಇದೆ. ವಸೂಲಿಯವನನ್ನು ಅಂಗಳದಲ್ಲಿ ತಡೆಯುವ ಶಕ್ತಿ ಕಾನೂನಿಗೆ ಉಂಟು. ಒಳಗೆ ಬಂದು ಗಂಡಹೆಂಡಿರನ್ನು ಒಂದು ಚಾಪೆಯ ಮೇಲೆ ಕೂರಿಸಿ ಪಟ್ಟಿ ಬರೆಯಿಸುವ ಶಕ್ತಿ ಅದಕ್ಕಿಲ್ಲ. ಅದು ನಾವೇ ಮಾಡಬೇಕಾದ ಕೆಲಸ.

ನನ್ನ ಮಾತು ಮುಗಿಯಿತು. ಊಟದ ಹೊತ್ತಾಯಿತು, ಕೆಲವರ ಮನೆಯಲ್ಲಿ ಎಲೆ ಹಾಕಿರಲೂಬಹುದು. ಊಟವಾದ ಮೇಲೆ, ಮಕ್ಕಳು ಮಲಗಿದ ಮೇಲೆ, ಒಂದು ಹಾಳೆಯನ್ನೂ ಒಂದು ಸೀಸದ ಕಡ್ಡಿಯನ್ನೂ ತೆಗೆದುಕೊಳ್ಳಿ. ಮೊದಲು ಯಾರು ಹೇಳಬೇಕೆಂಬ ಸಂಕೋಚ ಇಬ್ಬರಲ್ಲಿಯೂ ಇರುತ್ತದೆ. ಯಾರ ಸಾಲ ಹೆಚ್ಚೆಂದು ತೋರುವುದೋ ಅವರೇ ಮೊದಲು ಹೇಳಲಿ. ಕೇಳುವವರು ಹಾಳೆಯ ಮೇಲೆ ಬರೆದುಕೊಳ್ಳಲಿ. ಆ ರಾತ್ರಿ ಬೇರೆ ಏನೂ ಹೇಳಬೇಕಾಗಿಲ್ಲ.